ಎಷ್ಟು ಸಲ ಅಂತ ರಿಪೇರಿ ಮಾಡಿಸೋದು?

ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಹೋದ ಚಳಿಗಾಲದಲ್ಲಿ ಹೊಸ ವಾಷಿಂಗ್ ಮಷಿನ್ ನೀರು ಹೊರಹಾಕದೆ ನಿಂತುಹೋಯಿತು. ರಿಪೇರಿ ಆಯಿತು. ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಅಂಗಡಿಗೆ ಫೋನ್ ಮಾಡಿದರೆ ಮೊದಲು "ಕಂಪನಿಯವರನ್ನು ಕೇಳಿ" ಎಂದರು. ಮಾರಿದವರು ನೀವು, ಒಮ್ಮೆ ರಿಪೇರಿಯೂ ಆಗಿದೆ ಎಂದೆ. ಆ ಕಡೆಯ ಹುಡುಗಿ ಒಂದಷ್ಟು ಹೊತ್ತು ಕಾಯಿಸಿ, "ಬೇರೆ ಮಷಿನ್ ಕಳಿಸಲಾ, ದುಡ್ಡು ವಾಪಸ್ ಕೊಡಲಾ?" ಎಂದಳು. ಜಗಳಕ್ಕೆ ಸೊಂಟ ಕಟ್ಟಿ ಕೂತಿದ್ದ ನನಗೆ ನಿರಾಸೆಯೇ ಆಯಿತು ಅನ್ನಿ.

ಅದು ಅವಳ ಔದಾರ್ಯವಲ್ಲ, 2015ರ ಗ್ರಾಹಕ ಹಕ್ಕುಗಳ ಕಾಯ್ದೆ. ಕೆಟ್ಟ ಸಾಮಾನನ್ನು 30 ದಿನದೊಳಗೆ ಹಿಂದಿರುಗಿಸಬಹುದು. ಆಮೇಲಾದರೆ ರಿಪೇರಿಗೆ ಅಂಗಡಿಯವರಿಗೆ ಸಿಗುವುದು ಒಂದೇ ಅವಕಾಶ. ಅದರಲ್ಲೂ ಸರಿಹೋಗದಿದ್ದರೆ ಹಣ ವಾಪಸ್ ಕೇಳಬಹುದು, ಇಲ್ಲವೇ ಇಟ್ಟುಕೊಂಡು ಬೆಲೆ ಇಳಿಸಿ ಎನ್ನಬಹುದು. ಮೊದಲ ಆರು ತಿಂಗಳಲ್ಲಿ ದೋಷ ಮೊದಲೇ ಇತ್ತೆಂದು ನಾವು ತೋರಿಸಬೇಕಿಲ್ಲ. ಇರಲಿಲ್ಲವೆಂದು ಅಂಗಡಿಯವರೇ ತೋರಿಸಬೇಕು.

ಶಿವಮೊಗ್ಗದಲ್ಲಿ ಅಕ್ಕನ ಫ್ರಿಜ್ ತಣ್ಣಗಾಗುವುದಿಲ್ಲ. ಟೆಕ್ನಿಷಿಯನ್ ಬರುತ್ತಾನೆ, ಗ್ಯಾಸ್ ತುಂಬುತ್ತಾನೆ, ಹೋಗುತ್ತಾನೆ. ಸ್ವಲ್ಪ ದಿನ ಚೆನ್ನಾಗಿರುತ್ತದೆ, ಮತ್ತೆ ಹಾಲು ಒಡೆಯುತ್ತದೆ. ಫ್ರಿಜ್ಜಿನ ಗ್ಯಾಸ್ ಸ್ಕೂಟರಿನ ಪೆಟ್ರೋಲಿನಂತೆ ಖರ್ಚಾಗುವುದಲ್ಲ. ಮುಚ್ಚಿದ ಕೊಳವೆಯೊಳಗೇ ಸುತ್ತುತ್ತಿರಬೇಕು. ಪದೇ ಪದೇ ತುಂಬಬೇಕಾದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಅದನ್ನು ಹುಡುಕುವವರಿಲ್ಲ. "ವೋಲ್ಟೇಜ್ ಪ್ರಾಬ್ಲಂ ಮೇಡಂ, ಸ್ಟೆಬಿಲೈಸರ್ ಹಾಕ್ಸಿ" ಎಂದು ತಪ್ಪನ್ನು ಕರೆಂಟಿನ ತಲೆಗೆ ಕಟ್ಟುತ್ತಾರೆ. ಅಷ್ಟರಲ್ಲಿ ವಾರಂಟಿಯ ವರ್ಷ ಕರಗುತ್ತಿರುತ್ತದೆ.

"ಬೇರೆ ಫ್ರಿಜ್ ಕೊಡಿ ಅನ್ನು" ಎಂದೆ.

"ಹೇಗೋ ಕೇಳೋದು? ಅಂಗಡಿಯವರು ನಿಮ್ಮ ಭಾವನ ಪರಿಚಯದವರು ಕಣೋ."

ನನಗೆ ಸಿಟ್ಟು ಬರುವುದು ಇಲ್ಲೇ. ನಮ್ಮಲ್ಲಿ ಪರಿಚಯ ಇದ್ದರೆ ಬೆಲೆಯಲ್ಲಿ ಒಂದಿಷ್ಟು ಬಿಡುತ್ತಾರೆ, ಟೀ ಕೊಡುತ್ತಾರೆ. ಸಾಮಾನು ಕೆಟ್ಟಾಗ ಅದೇ ಪರಿಚಯ ನಮ್ಮ ಬಾಯಿ ಕಟ್ಟುತ್ತದೆ. ಅವರು "ಇನ್ನೊಂದು ಸಲ ನೋಡೋಣ" ಎನ್ನುತ್ತಾರೆ, ನಾವು ತಲೆಯಾಡಿಸುತ್ತೇವೆ. ಇಲ್ಲಿನ ಹುಡುಗಿಗೆ ನಾನು ಯಾರೋ. ಹಾಗಾಗಿ ಮುಲಾಜೂ ಇಲ್ಲ, ಸಂಕೋಚವೂ ಇಲ್ಲ. ರಿಪೇರಿಗೆ ಇಷ್ಟೇ ಸಲ ಎಂಬ ಲೆಕ್ಕ ನಮ್ಮ ಕಾಯ್ದೆಯಲ್ಲೂ ಇದ್ದಿದ್ದರೆ, "ನಾನಲ್ಲ, ಕಾನೂನು ಕೇಳ್ತಿದೆ" ಎಂದು ಅಕ್ಕ ಕೇಳಬಹುದಿತ್ತು.

ಕಾಯ್ದೆ ಇಲ್ಲ ಎಂದಲ್ಲ. 2019ರ ನಮ್ಮ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಕ್ಕ ತನ್ನ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲೇ ಇರಲಿ. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಲ್ಯಾಬಿನಲ್ಲಿ ಪರೀಕ್ಷೆ ಬೇಕಿಲ್ಲದ ದೂರು ಮೂರು ತಿಂಗಳಲ್ಲಿ ಮುಗಿಯಬೇಕು ಎಂದೂ ಬರೆದಿದೆ. ಬರೆದಿದೆ, ಅಷ್ಟೆ! ಆದರೂ ಒಪ್ಪಬೇಕು, ಅಲೆದಾಡಿಸಿದ್ದಕ್ಕೆ, ಮನಸ್ಸು ನೋಯಿಸಿದ್ದಕ್ಕೆ ನಮ್ಮ ಆಯೋಗಗಳು ಪರಿಹಾರ ಕೊಡಿಸುತ್ತವೆ. ಇಲ್ಲಿ ವಾಷಿಂಗ್ ಮಷಿನ್ ವಿಷಯಕ್ಕೆ ಅದನ್ನು ಕೇಳಿದರೆ ನಕ್ಕಾರು. ಕೋರ್ಟಿಗೆ ಹೋದರೆ ಶುಲ್ಕ ಬೇರೆ. ಆರು ತಿಂಗಳು ದಾಟಿದರೆ ದೋಷ ಮೊದಲಿಂದಲೂ ಇತ್ತೆಂದು ತೋರಿಸುವ ಭಾರ ನಮ್ಮದೇ. ವಾರಂಟಿ ಮುಗಿದ ಮೇಲಂತೂ ಶಿವಮೊಗ್ಗವೇ ವಾಸಿ. ಅಲ್ಲಿ ಮೋಟಾರಿಗೆ ಮತ್ತೆ ತಂತಿ ಸುತ್ತಿಕೊಡುವವರು ಸಿಗುತ್ತಾರೆ. ಇಲ್ಲಿ ರಿಪೇರಿಯವನು ಮನೆಗೆ ಬಂದು ನೋಡುವ ದುಡ್ಡು ಕೇಳಿಯೇ ಹೊಸದು ತಗೊಳ್ಳೋಣ ಅನ್ನಿಸುತ್ತದೆ.

ಪ್ರತಿ ಸಲ ಏನು ರಿಪೇರಿ ಮಾಡಿದರೆಂದು ಬರೆದ ಜಾಬ್ ಶೀಟ್ ಕೇಳಿ ಇಟ್ಟುಕೋ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡು ಎಂದು ಅಕ್ಕನಿಗೆ ಹೇಳಿದ್ದೇನೆ. ಜಾಬ್ ಶೀಟ್ ಕೇಳಿ ಇಸಿದುಕೊಂಡಿದ್ದಾಳೆ. ಫೋನ್ ಮಾತ್ರ ಇನ್ನೂ ಮಾಡಿಲ್ಲ. ಅಂಗಡಿಯವರ ಮಗಳ ಮದುವೆಯಂತೆ, ಅದೊಂದು ಮುಗಿಯಲಿ ಎಂದಳು.