ಹಿಂದೆ ನಿಂತವರ ಕೈಗೆ ತಂಡ ಕೊಡಿ

ಪ್ರತಿ ಏಪ್ರಿಲ್‌ನಲ್ಲಿ ರಜೆ ಹಾಕಿ ಡಬ್ಲಿನ್‌ನಿಂದ ಕೊಡಗಿಗೆ ಬರುತ್ತೇನೆ. ಕೌಟುಂಬಿಕ ಹಾಕಿ ಉತ್ಸವ ನೋಡದಿದ್ದರೆ ಊರಿಗೆ ಬಂದಂತೆಯೇ ಅನ್ನಿಸುವುದಿಲ್ಲ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳು ಸೇರಿ ಆಡಿದ ಆಟಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ಮನೆತನಗಳು ಬಂದಿದ್ದವು. ಅರವತ್ತು ದಾಟಿದ ಅಜ್ಜ, ಮನೆಮಗಳು, ಶಾಲೆಗೆ ಹೋಗುವ ಮೊಮ್ಮಗ ಒಂದೇ ಜೆರ್ಸಿ ತೊಟ್ಟು ಆಡುವ ನೋಟವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೋದ ಸಲ ಗ್ಯಾಲರಿಯಲ್ಲಿ ದೊಡ್ಡಪ್ಪ ನನ್ನ ಪಕ್ಕದಲ್ಲಿ ಕುಳಿತಿದ್ದರು. ಸೇನೆಯ ಹಾಕಿ ತಂಡದಲ್ಲಿ ವರ್ಷಗಟ್ಟಲೆ ಬ್ಯಾಕ್ ಆಗಿ, ಅಂದರೆ ಹಿಂದೆ ನಿಂತು ಗೋಲು ಕಾಯುತ್ತಾ ಆಡಿ, ಹವಾಲ್ದಾರರಾಗಿ ನಿವೃತ್ತರಾದವರು. ನಮ್ಮ ಮನೆತನದ ತಂಡ ಸೋಲುತ್ತಿತ್ತು. ಎದುರಾಳಿ ನುಗ್ಗುವ ಮೊದಲೇ ದೊಡ್ಡಪ್ಪನ ಬಲಗೈ ಮೊಣಕಾಲಿನಿಂದ ಎದ್ದು, ಬೆರಳು ಮೈದಾನದ ಒಂದು ಜಾಗವನ್ನು ತೋರಿಸುತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಚೆಂಡು ಅಲ್ಲಿಗೇ ಬರುತ್ತಿತ್ತು. ಅಲ್ಲಿ ನಮ್ಮವರು ಯಾರೂ ಇರುತ್ತಿರಲಿಲ್ಲ. ತಂಡದ ಹೊಣೆ ಹಿಂದಿನ ವರ್ಷ ಹೆಚ್ಚು ಗೋಲು ಹೊಡೆದ ಹುಡುಗನ ಮೇಲಿತ್ತು. ದೊಡ್ಡಪ್ಪನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಆ ಬೆರಳನ್ನು ನೋಡುತ್ತಾ ನನಗೆ ಐರ್ಲೆಂಡಿನ ಫುಟ್‌ಬಾಲ್ ತಂಡವನ್ನು ಕಟ್ಟಿದ ಜಾಕ್ ಚಾರ್ಲ್ಟನ್ ನೆನಪಾದರು. ಐರ್ಲೆಂಡಿನಲ್ಲಿ ಅವರ ಹೆಸರು ಕೇಳದೆ ಒಂದು ವರ್ಷ ಕಳೆಯುವುದು ಕಷ್ಟ. ಕಾರ್ಕ್ ವಿಮಾನ ನಿಲ್ದಾಣದಲ್ಲಿ ಮೀನು ಹಿಡಿಯುವ ಉಡುಪಿನಲ್ಲಿ ಅವರ ಪ್ರತಿಮೆಯೇ ಇದೆ.

ಅವರು ಹುಟ್ಟಿನಿಂದ ಐರಿಷರಲ್ಲ. ಇಂಗ್ಲೆಂಡಿನ ಈಶಾನ್ಯದ ಆಶಿಂಗ್ಟನ್ ಎಂಬ ಕಲ್ಲಿದ್ದಲಿನ ಊರಿನಲ್ಲಿ 1935ರಲ್ಲಿ ಹುಟ್ಟಿದವರು. ಹದಿನೈದರಲ್ಲಿ ಗಣಿಗಿಳಿದು, ಇದು ಬೇಡವೆಂದು ಮೇಲೆ ಬಂದು ಲೀಡ್ಸ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ ಸೇರಿದರು. ಆ ಒಂದೇ ಕ್ಲಬ್ಬಿಗೆ 773 ಪಂದ್ಯ ಆಡಿದರು, ಬಹುಪಾಲು ಹಿಂದೆ ನಿಂತು. ತಮ್ಮ ಬಾಬಿ ಗೋಲು ಹೊಡೆದು ಲೋಕಪ್ರಸಿದ್ಧರಾಗಿ ಎಷ್ಟೋ ವರ್ಷಗಳ ಮೇಲೆ, ಮೂವತ್ತು ತುಂಬಲು ಒಂದು ತಿಂಗಳಿರುವಾಗ, 1965ರಲ್ಲಿ ಅಣ್ಣನಿಗೆ ಇಂಗ್ಲೆಂಡ್ ತಂಡದಲ್ಲಿ ಮೊದಲ ಪಂದ್ಯ ಸಿಕ್ಕಿತು. ಮರುವರ್ಷ ವಿಶ್ವಕಪ್ ಗೆದ್ದ ಹನ್ನೊಂದು ಮಂದಿಯಲ್ಲಿ ಅಣ್ಣತಮ್ಮಂದಿರು ಇಬ್ಬರೂ ಇದ್ದರು.

ನನಗೆ ವಿಶ್ವಕಪ್‌ಗಿಂತ ದೊಡ್ಡದಾಗಿ ಕಾಣುವುದು ಬೇರೆ. ಇನ್ನೂ ಆಡುತ್ತಿರುವಾಗಲೇ ಅವರು ತರಬೇತುದಾರರ ಶಿಬಿರಗಳಿಗೆ ಹೋಗಿ, ಕಲಿಸುವುದು ಹೇಗೆಂದು ಕಲಿತರು. 1973ರಲ್ಲಿ ಆಟ ನಿಲ್ಲಿಸಿ ಮಿಡಲ್ಸ್‌ಬರೋ ತಂಡದ ಮ್ಯಾನೇಜರ್ ಆದರು. ಮೊದಲ ಋತುವಿನಲ್ಲೇ ಆ ತಂಡ ಎರಡನೇ ದರ್ಜೆಯ ಲೀಗ್ ಗೆದ್ದು ಮೇಲಕ್ಕೇರಿತು.

1986ರಲ್ಲಿ ಐರ್ಲೆಂಡ್ ಅವರನ್ನು ಕರೆಯಿತು. ಅಲ್ಲಿಯವರೆಗೆ ಆ ದೇಶ ವಿಶ್ವಕಪ್‌ಗಾಗಲಿ ಯುರೋಪ್ ಚಾಂಪಿಯನ್‌ಷಿಪ್‌ಗಾಗಲಿ ಅರ್ಹತೆ ಪಡೆದಿರಲೇ ಇಲ್ಲ. ಅಜ್ಜನೋ ಅಜ್ಜಿಯೋ ಐರಿಷ್ ಆಗಿದ್ದರೂ ಸಾಕು ಎಂಬ ನಿಯಮ ಹಿಡಿದು ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಹುಟ್ಟಿದ ಹುಡುಗರನ್ನು ಅವರು ಕೂಡಿಸಿದರು. ಮನೆಹೆಸರಿನ ಕರೆಗೆ ಬೆಂಗಳೂರು, ಮುಂಬೈಗಳಿಂದ ಬಸ್ ಹತ್ತಿ ಬರುವ ನಮ್ಮ ಹುಡುಗರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೆಂಡನ್ನು ಎದುರಾಳಿ ಬ್ಯಾಕ್‌ಗಳ ಬೆನ್ನ ಹಿಂದಕ್ಕೆ ಕಳಿಸಿ, ಅವರು ತಿರುಗುವಷ್ಟರಲ್ಲಿ ಮುತ್ತಿಕೊಳ್ಳುವುದು ಚಾರ್ಲ್ಟನ್ ಪಟ್ಟು. ಕಣ್ಣಿಗೆ ಸೊಗಸಾದ ಆಟ ಅದಲ್ಲ. ಆದರೆ ಬ್ಯಾಕ್‌ಗೆ ತನ್ನದೇ ಗೋಲಿನ ಕಡೆ ಮುಖ ಮಾಡಿ ಓಡುವುದಕ್ಕಿಂತ ದೊಡ್ಡ ಸಂಕಟವಿಲ್ಲ. ಇಪ್ಪತ್ತು ವರ್ಷ ಅಲ್ಲಿ ನಿಂತವರಿಗೆ ಅದು ಚೆನ್ನಾಗಿ ಗೊತ್ತಿತ್ತು.

1988ರ ಯುರೋಪ್ ಚಾಂಪಿಯನ್‌ಷಿಪ್‌ನಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದ ರೇ ಹೌಟನ್ ತಲೆಯಿಂದ ಹೊಡೆದ ಒಂದೇ ಗೋಲಿನಿಂದ ಐರ್ಲೆಂಡ್ ಇಂಗ್ಲೆಂಡನ್ನು ಸೋಲಿಸಿತು. 1990ರ ವಿಶ್ವಕಪ್‌ನಲ್ಲಿ ರೊಮೇನಿಯಾ ಎದುರು ಪೆನಾಲ್ಟಿಗಳ ಸರದಿ ಬಂದಾಗ ಕೊನೆಯ ಚೆಂಡಿನ ಮುಂದೆ ನಿಂತವರು ಡೇವಿಡ್ ಓಲಿಯರಿ. ಅವರೂ ಬ್ಯಾಕ್. ಚಾರ್ಲ್ಟನ್ ಹಿಂದೆ ಅವರನ್ನು ಎರಡು ವರ್ಷಕ್ಕೂ ಮೀರಿ ತಂಡದಿಂದ ಹೊರಗಿಟ್ಟಿದ್ದರು. ಓಲಿಯರಿ ಗೋಲು ಹೊಡೆದರು, ಐರ್ಲೆಂಡ್ ಕ್ವಾರ್ಟರ್ ಫೈನಲ್ ತಲುಪಿತು. ಮುಂದೆ ಅವರೂ ಮ್ಯಾನೇಜರ್ ಆದರು, ಅದೂ ಚಾರ್ಲ್ಟನ್ ಆಡಿದ್ದ ಲೀಡ್ಸ್ ತಂಡಕ್ಕೇ.

ಡಬ್ಲಿನ್‌ನಲ್ಲಿ ನನ್ನ ಮಗಳು ಶನಿವಾರ ಬೆಳಿಗ್ಗೆ ಆಡುವ ಕ್ಲಬ್ ತೀರ ಚಿಕ್ಕದು. ಕಲಿಸುವವರು ಸಂಬಳವಿಲ್ಲದ ಬಸ್ ಚಾಲಕರೊಬ್ಬರು, ಹರೆಯದಲ್ಲಿ ಬ್ಯಾಕ್ ಆಗಿ ಆಡಿದವರು. ಮಕ್ಕಳ ಹತ್ತಿರ ಬರುವ ಮೊದಲು ಅವರು ತರಬೇತಿ ಪಾಠ ಮುಗಿಸಿದ್ದಾರೆ, ಪೊಲೀಸ್ ಪರಿಶೀಲನೆಗೂ ಒಳಪಟ್ಟಿದ್ದಾರೆ. ಗೋಲು ಹೊಡೆದ ಮಗುವಿಗೆ ಚಪ್ಪಾಳೆ ತಟ್ಟುತ್ತಾರೆ. ಸರಿಯಾದ ಜಾಗದಲ್ಲಿ ನಿಂತ ಮಗುವನ್ನು ಮಾತ್ರ ಹೆಸರು ಹಿಡಿದು ಕೂಗುತ್ತಾರೆ.

ನಮ್ಮಲ್ಲಿ ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಕೂಡಿಗೆಯ ಕ್ರೀಡಾ ಶಾಲೆ ಇದೆ, ಪೊನ್ನಂಪೇಟೆಯ ಕ್ರೀಡಾ ಹಾಸ್ಟೆಲ್ ಇದೆ. ಕೊಡಗಿನಲ್ಲಿ ಫುಟ್‌ಬಾಲ್ ಆಡುತ್ತಾ ಬೆಳೆದ ಎಂ.ಪಿ. ಗಣೇಶ್ ಸೇನೆ ಸೇರಿ, ಹಾಕಿಯಲ್ಲಿ ಭಾರತದ ನಾಯಕರಾಗಿ, ಆಮೇಲೆ ದೇಶದ ತಂಡಕ್ಕೇ ತರಬೇತುದಾರರಾದರು. ಆದರೆ ಹಾಸ್ಟೆಲ್ಲಿಗೆ ಆಯ್ಕೆಯಾಗುವ ಮಕ್ಕಳು ಎಷ್ಟು ಮಂದಿ? ಉಳಿದವರು ಮಾರ್ಚ್‌ನಲ್ಲಿ ಸ್ಟಿಕ್ ಹುಡುಕಿ, ಏಪ್ರಿಲ್‌ನಲ್ಲಿ ಆಡಿ, ಗ್ಯಾಲರಿ ಬಿಚ್ಚುವ ಹೊತ್ತಿಗೆ ಅದನ್ನು ಅಟ್ಟಕ್ಕೆ ಸೇರಿಸುತ್ತಾರೆ. ಸೇನೆಯಲ್ಲಿ ಆಡಿ ಬಂದವರು ಊರೂರಿನಲ್ಲಿ ಇದ್ದಾರೆ. ಅವರನ್ನು ಸನ್ಮಾನಕ್ಕೆ ಕರೆದು ಶಾಲು ಹೊದಿಸುತ್ತೇವೆ, ಮಕ್ಕಳನ್ನು ಒಪ್ಪಿಸುವುದಿಲ್ಲ. ಇದು ನನ್ನನ್ನು ನಿಜವಾಗಿಯೂ ನೋಯಿಸುತ್ತದೆ.

ಪಂದ್ಯ ಸೋತ ಮರುದಿನ ಕಾಫಿ ಕಣದಲ್ಲಿ ದೊಡ್ಡಪ್ಪ ನನ್ನ ತಂಗಿಯ ಮಗನ ಮುಂದೆ ಸ್ಟಿಕ್ ಹಿಡಿದು ನಿಂತಿದ್ದರು. ಮಂಡಿ ಬಗ್ಗಿಸಿ, ಸ್ಟಿಕ್ಕನ್ನು ನೆಲಕ್ಕೆ ತಾಗಿಸಿ, "ಅವನ ಕೈ ನೋಡಬೇಡ ಮಗು, ಸೊಂಟ ನೋಡು. ಸೊಂಟ ತಿರುಗದೆ ಯಾರೂ ತಿರುಗುವುದಿಲ್ಲ" ಎಂದರು. ಅರ್ಧ ಗಂಟೆಯಲ್ಲಿ ಹುಡುಗ ನನ್ನನ್ನು ಮೂರು ಸಲ ತಡೆದ.

ಮಕ್ಕಳನ್ನು ಜೂನ್‌ನಿಂದಲೇ ದೊಡ್ಡಪ್ಪನ ಕಣಕ್ಕೆ ಕಳಿಸಿ ಎಂದು ಮನೆತನದವರನ್ನು ಕೇಳಿದ್ದೇನೆ. ಮಳೆ ಎಂದರು. ಡಬ್ಲಿನ್ ಮಕ್ಕಳು ಮಳೆಯಲ್ಲೇ ಆಡುತ್ತಾರೆ, ಆದರೆ ಕೊಡಗಿನ ಮಳೆಗೆ ಅದು ಸಾಟಿಯಲ್ಲ, ಒಪ್ಪುತ್ತೇನೆ. ಹಾಗಾದರೆ ಕಾವೇರಿ ಸಂಕ್ರಮಣ ಕಳೆದ ಮೇಲೆ ಶುರುವಾಗಲಿ. ಕೊಯ್ಲಿನ ಕಾಫಿ ಬಂದು ಕಣ ತುಂಬುವವರೆಗೆ ಒಂದೂವರೆ ತಿಂಗಳಾದರೂ ಸಿಗುತ್ತದೆ.