ಹಾಗಾದರೆ ಯಾರನ್ನು ಕೇಳಬೇಕು?

ಬೆಂಗಳೂರಿನ ನಮ್ಮ ಭಾಗದ ಪಾಲಿಕೆ ಅಹವಾಲು ಸಭೆ ಮುಗಿಸಿ ಈಗಷ್ಟೇ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಇದನ್ನು ಬರೆದು ಮುಗಿಸುವವರೆಗೆ ಊಟವೂ ಸೇರುವುದಿಲ್ಲ. ಉದ್ದವಾಯಿತೆಂದು ಅರ್ಧಕ್ಕೆ ಬಿಡಬೇಡಿ.

ನಾನು ಬಸ್ಸನ್ನೇ ನಂಬಿಕೊಂಡವಳು ಎಂಬುದು ನಿಮಗೆಲ್ಲ ಗೊತ್ತು. ನಮ್ಮ ಮುಖ್ಯರಸ್ತೆಯ ಬಸ್ ತಂಗುದಾಣವನ್ನು ರಸ್ತೆ ಕಾಮಗಾರಿಗೆಂದು ಕಿತ್ತವರು ಮತ್ತೆ ಕಟ್ಟಲಿಲ್ಲ. ಈಗ ಅಲ್ಲಿ ಕಾಯುವವರಿಗೆ ಇರುವುದು ಹೊಂಗೆ ಮರಗಳ ನೆರಳು ಮಾತ್ರ. ರಸ್ತೆ ಅಗಲ ಮಾಡಲು ಆ ಸಾಲನ್ನೂ ಕಡಿಯುತ್ತಾರಂತೆ. ಕಾಂಡಗಳ ಮೇಲೆ ಆಗಲೇ ಅಂಕಿ ಬರೆದಿದ್ದಾರೆ. ನಾವು ಕೇಳಿದ್ದು ಇಷ್ಟೇ: ತಂಗುದಾಣ ಕಟ್ಟಿಕೊಡಿ, ಮರ ಉಳಿಸಿ, ಮೆಟ್ರೊ ನಿಲ್ದಾಣಕ್ಕೆ ಒಂದು ಫೀಡರ್ ಬಸ್ ಬಿಡಿ.

ತಂಗುದಾಣದ ಮಾತೆತ್ತಿದರೆ ಅಧಿಕಾರಿಗಳು ಕಾಮಗಾರಿ ಬೇರೆ ವಿಭಾಗದ್ದು ಎಂದರು. ಮರದ ವಿಷಯಕ್ಕೆ ಬಂದರೆ ಅರಣ್ಯ ವಿಭಾಗದವರು ಸಭೆಗೆ ಬಂದಿಲ್ಲ ಎಂದರು. ಬಸ್ಸು ತಮ್ಮ ವ್ಯಾಪ್ತಿಗೇ ಬರುವುದಿಲ್ಲ, ಪತ್ರ ಬರೆಯುತ್ತೇವೆ ಎಂದರು. ಡಯಾಲಿಸಿಸ್‌ಗೆ ಬಸ್ಸಿನಲ್ಲೇ ಓಡಾಡುವ ನಮ್ಮ ಹಿಂದಿನ ಬೀದಿಯ ಅಜ್ಜಿ ಎದ್ದು ನಿಂತು, ‘ಹಾಗಾದರೆ ಯಾರನ್ನು ಕೇಳಬೇಕು ಸ್ವಾಮಿ?’ ಎಂದರು. ವೇದಿಕೆಯ ಮೇಲಿದ್ದವರು ಕಾಗದ ತಿರುವಿದರು. ನಮ್ಮ ಮನವಿ ಪತ್ರದ ಮೇಲೆ ಸ್ವೀಕೃತಿ ಮುದ್ರೆ ಬಿತ್ತು, ಸಭೆ ಮುಗಿಯಿತು.

ಸಭೆ ನಡೆಸಿದ ಅಧಿಕಾರಿಯ ಮೇಲೆ ನನಗೆ ಹಗೆಯಿಲ್ಲ. ತಾಳ್ಮೆಯಿಂದ ಕೇಳಿಸಿಕೊಂಡರು, ಬರೆದುಕೊಂಡರು. ಆದರೆ ಅವರಿಗಿಂತ ಮುಂಚೆ ಇದ್ದವರೂ ಹೀಗೆಯೇ ಬರೆದುಕೊಂಡಿದ್ದರು. ಅವರು ವರ್ಗವಾಗಿ ಹೋದರು, ನಮ್ಮ ಅರ್ಜಿ ಎಲ್ಲಿ ಹೋಯಿತೋ ಇವತ್ತಿಗೂ ತಿಳಿಯದು. ನಾವೇ ಮತ ಹಾಕಿ ಆರಿಸಿದ, ನಮ್ಮ ಕೆಲಸ ಆಗದಿದ್ದರೆ ಕುರ್ಚಿ ಕಳೆದುಕೊಳ್ಳುವ ಒಬ್ಬರಾದರೂ ಆ ವೇದಿಕೆಯ ಮೇಲೆ ಇರಬೇಕಾಗಿತ್ತು. ನನ್ನ ತಕರಾರು ಇದೊಂದೇ.

ಬೆಂಗಳೂರಿನ ಮಹಾನಗರ ಪಾಲಿಕೆಯಾಗಿದ್ದ ಬಿಬಿಎಂಪಿಯ ಕೊನೆಯ ಚುನಾಯಿತ ಕೌನ್ಸಿಲ್‌ನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ರಂದು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎನ್ನುತ್ತದೆ ಸಂವಿಧಾನದ 243-ಯು ವಿಧಿ. ಇಲ್ಲಿ ಒಂದು ಕೌನ್ಸಿಲ್‌ನ ಪೂರ್ತಿ ಐದು ವರ್ಷ ಕೌನ್ಸಿಲ್ಲೇ ಇಲ್ಲದೆ ಕಳೆಯಿತು. 198 ವಾರ್ಡ್‌ಗಳನ್ನು 243 ಮಾಡಿದರು, ಆಮೇಲೆ 225 ಮಾಡಿದರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ಬಂದವು, ವಾರ್ಡ್‌ಗಳು 369ಕ್ಕೆ ಏರಿದವು. ನಕ್ಷೆಯ ಮೇಲೆ ಗೆರೆ ಎಳೆಯುವುದಕ್ಕೆ ಇಷ್ಟು ಉತ್ಸಾಹ ತೋರಿದವರಿಗೆ ಮತ ಹಾಕಿಸುವುದಕ್ಕೆ ಏಕೆ ಆಗಲಿಲ್ಲ?

ಕಾರ್ಪೊರೇಟರ್‌ಗಳಿದ್ದಾಗ ಏನು ಸುಖ ಕಂಡಿರಿ ಎಂದು ಕೆಳಗೆ ಬರೆಯುವವರಿದ್ದೀರಿ, ನಿಮ್ಮ ಹೆಸರುಗಳೂ ನನಗೆ ಗೊತ್ತು. ಗುತ್ತಿಗೆದಾರರ ಜೊತೆ ಕೈ ಸೇರಿಸಿದವರು ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ಅವರ ಮನೆ ಎಲ್ಲಿದೆ ಎಂದು ಇಡೀ ಬೀದಿಗೆ ಗೊತ್ತಿತ್ತು. ಮೋರಿ ಕಟ್ಟಿಕೊಂಡರೆ ಬೆಳಗಿನ ಕಾಫಿಗೆ ಮುಂಚೆ ಹೋಗಿ ಬಾಗಿಲು ತಟ್ಟಿದ್ದೇವೆ. ಕೆಟ್ಟವರನ್ನು ಸೋಲಿಸಬಹುದಿತ್ತು, ಕೌನ್ಸಿಲ್ ಬದಲು ಸರ್ಕಾರ ಕೂರಿಸಿದ ಆಡಳಿತಾಧಿಕಾರಿಯನ್ನು ಸೋಲಿಸುವುದು ಹೇಗೆ?

ನಗರದ ಬಸ್ ಓಡಿಸುವ ಬಿಎಂಟಿಸಿ ರಾಜ್ಯ ಸರ್ಕಾರದ್ದು, ಮೆಟ್ರೊ ಕೇಂದ್ರ ಮತ್ತು ರಾಜ್ಯದ ಜಂಟಿ ಕಂಪನಿಯದ್ದು, ಕಾರ್ಪೊರೇಟರ್ ಬಂದರೂ ಬಸ್ ತರಲಾರರು ಎಂಬ ವಾದವೂ ಇದೆ. ಬಸ್ಸಿಗೆ ಅವರು ಆಜ್ಞೆ ಮಾಡಲಾರರು, ನಿಜ. ಆದರೆ ಆ ಕಚೇರಿಗಳ ಮೆಟ್ಟಿಲು ಹತ್ತಿ ಇಳಿಯುವುದು, ಕೌನ್ಸಿಲ್ ಸಭೆಯಲ್ಲಿ ಎದ್ದು ಕೇಳಿ ಉತ್ತರವನ್ನು ದಾಖಲೆಗೆ ತರುವುದು ಅವರ ಕೆಲಸ. ಆ ಕೆಲಸವನ್ನು ಇವತ್ತು ಡಯಾಲಿಸಿಸ್‌ಗೆ ಹೋಗುವ ಅಜ್ಜಿಯ ತಲೆಗೆ ಕಟ್ಟಿದ್ದೇವೆ.

‘ಜನ ಬೀದಿಗಿಳಿದರೆ ಸಾಕು, ಉಕ್ಕಿನ ಸೇತುವೆ ನಿಲ್ಲಿಸಲಿಲ್ಲವೇ?’ ಎಂದು ಸಭೆಯ ನಂತರ ಒಬ್ಬರು ಸಮಾಧಾನ ಹೇಳಿದರು. ನಿಲ್ಲಿಸಿದೆವು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಆ ಸೇತುವೆಗೆ 812 ಮರ ಬಲಿಯಾಗಲಿದ್ದವು. 2016ರ ಅಕ್ಟೋಬರ್‌ನಲ್ಲಿ ಜನ ಮಾನವ ಸರಪಳಿ ಕಟ್ಟಿದರು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅದರ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯಿದೆ. ಆದರೆ ಒಂದು ತಂಗುದಾಣಕ್ಕೆ, ಒಂದು ಸಾಲು ಹೊಂಗೆಗೆ ಊರೆಲ್ಲ ಸರಪಳಿ ಕಟ್ಟುತ್ತದೆಯೇ? ಬೀದಿಗಿಳಿದವರಿಗೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. 2023ರಲ್ಲಿ ಸ್ಯಾಂಕಿ ಕೆರೆ ಪಕ್ಕದ ಮರಗಳಿಗಾಗಿ, ಮೇಲ್ಸೇತುವೆ ಬೇಡವೆಂದು ಶಾಂತವಾಗಿ ನಿಂತ ನಿವಾಸಿಗಳ ಮೇಲೆ ಪೊಲೀಸ್ ಪ್ರಕರಣ ದಾಖಲಾಯಿತು. ಹೇಳಿಕೊಳ್ಳಲು ಕೌನ್ಸಿಲ್ ಇಲ್ಲ, ರಸ್ತೆಯಲ್ಲಿ ನಿಂತು ಹೇಳಿದರೆ ಪ್ರಕರಣ.

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಷ್ಟು ಹಿಂದೆಯೇ ಬಂದದ್ದು. 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು ಎಂದು ಅದರಲ್ಲಿದೆ. ನಮ್ಮ ಸಾಲಿನಲ್ಲಿ ಅಷ್ಟು ಮರಗಳಿಲ್ಲ. ಅಂದರೆ ನಮ್ಮನ್ನು ಕೇಳಲೇಬೇಕೆಂಬ ಕಟ್ಟುಪಾಡೂ ಇಲ್ಲ. ವಾರ್ಡಿನ ಸದಸ್ಯರು ಬೇಕಾಗುವುದು ಇಂಥ ಸಣ್ಣ ಸಾಲುಗಳಿಗೇ.

ಒಂದು ಮಾತು ಹೇಳಲೇಬೇಕು. ಸಭೆಯಲ್ಲಿ ಮಾತನಾಡುವಾಗ ನನಗೆ ಗಂಟಲು ಕಟ್ಟಿತು, ಪಕ್ಕದವರು ನೀರು ಕೊಟ್ಟರು. ಸಿಟ್ಟಿನಿಂದಲ್ಲ. ಹಿಂದೆಲ್ಲ ಇಂಥ ಸಭೆಗೆ ಕಾಲೇಜಿನ ಹುಡುಗ ಹುಡುಗಿಯರು ಬರುತ್ತಿದ್ದರು, ಇವತ್ತು ಕೂತಿದ್ದವರೆಲ್ಲ ತಲೆ ನರೆತವರು. ಕೇಳಿ ಪ್ರಯೋಜನವಿಲ್ಲ ಎಂದು ಮಕ್ಕಳು ಇಷ್ಟು ಬೇಗ ಕಲಿತರಲ್ಲ ಎಂಬ ಸಂಕಟ ನನಗೆ ಮರ ಹೋಗುವುದಕ್ಕಿಂತ ಹೆಚ್ಚಾಗಿದೆ.

ಕರೆಯದಿದ್ದರೂ ಆಕ್ಷೇಪಣೆ ಕೊಡುತ್ತೇವೆ. ಮರ ಕಡಿಯಲು ಅನುಮತಿ ಕೊಡುವ ವೃಕ್ಷ ಅಧಿಕಾರಿಗೆ ಒಂದು ಪತ್ರ ಬರೆಯುತ್ತಿದ್ದೇನೆ, ಚುನಾವಣೆಯ ದಿನಾಂಕ ಕೇಳಿ ರಾಜ್ಯ ಚುನಾವಣಾ ಆಯೋಗಕ್ಕೆ ಇನ್ನೊಂದು. ನಮ್ಮ ಬಡಾವಣೆಯವರು ಭಾನುವಾರ ಬೆಳಿಗ್ಗೆ ಬಸ್ ನಿಲ್ಲುವ ಜಾಗಕ್ಕೇ ಬಂದು ಎರಡಕ್ಕೂ ಸಹಿ ಹಾಕಿ. ಮನೆಯಲ್ಲಿ ಹದಿನೆಂಟು ತುಂಬಿದ ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ.