ಮಳೆಗಾಲ, ಹಿಂದಿನ ಗಾಜು ಮತ್ತು ಇಲ್ಲದ ವೈಪರ್

ಎಲೆಕ್ಟ್ರಿಕ್ ಕಾರು ಕೊಳ್ಳಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ, ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ, ಮಂಗಳೂರಿಗೆ ಹೋಗುವ ದಾರಿಯಲ್ಲಿ ಫಾಸ್ಟ್ ಚಾರ್ಜರ್ ಎಲ್ಲೆಲ್ಲಿದೆ ಎಂದು ವಿಚಾರಿಸುತ್ತಾರೆ. ಹಿಂದಿನ ಗಾಜಿಗೆ ವೈಪರ್ ಇದೆಯೇ ಎಂದು ಯಾರೂ ಕೇಳುವುದಿಲ್ಲ; ಶೋರೂಮಿನ ದೀಪಗಳ ಕೆಳಗೆ ಆ ಗಾಜು ಥಳಥಳ ಹೊಳೆಯುತ್ತಿರುವಾಗ ಅಂಥ ಪ್ರಶ್ನೆ ಹುಟ್ಟುವುದೂ ಕಷ್ಟ. ನಮ್ಮ ಮನೆಯ ಕಾರಿಗೆ ಹಿಂದಿನ ವೈಪರ್ ಇಲ್ಲ. ಕಂಪನಿಯ ಹೆಸರು ಇಲ್ಲಿ ಬೇಡ, ಏಕೆಂದರೆ ನನ್ನ ತಕರಾರು ಒಂದು ಕಂಪನಿಯ ಮೇಲಲ್ಲ. ಹಿಂಭಾಗ ನೆಟ್ಟಗೆ ಕತ್ತರಿಸಿದಂತಿರುವ ಕಾರನ್ನು, ಅದೂ ಇಷ್ಟು ಮಳೆ ಬೀಳುವ ನಾಡಿನಲ್ಲಿ, ವೈಪರ್ ಇಲ್ಲದೆ ಮಾರುವ ಪದ್ಧತಿಯ ಮೇಲೆ.

ಜುಲೈ ತಿಂಗಳಲ್ಲಿ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವವರಿಗೆ ನಾನು ಹೇಳುತ್ತಿರುವುದು ಕೂಡಲೇ ಅರ್ಥವಾದೀತು. ಮಾರನಹಳ್ಳಿಯ ಹೊತ್ತಿಗೆ ಗಾಜಿನ ಕೆಳಅಂಚಿನಲ್ಲಿ ಸಣ್ಣ ಕಂದು ಚುಕ್ಕೆಗಳು ಕೂರಲು ಶುರುವಾಗುತ್ತವೆ. ಮುಂದೆ ಹೋಗುವ ಲಾರಿಗಳು ಎಬ್ಬಿಸುವ ಕೆಸರುನೀರಿನಲ್ಲೇ ನಮ್ಮ ಚಕ್ರಗಳೂ ಉರುಳುವುದರಿಂದ ಆ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಮೇಲಕ್ಕೇರುತ್ತವೆ. ಗುಂಡ್ಯ ತಲುಪುವಷ್ಟರಲ್ಲಿ ಇಡೀ ಗಾಜಿಗೆ ರಾಗಿ ಅಂಬಲಿ ಬಳಿದಂತಾಗಿರುತ್ತದೆ. ಒಳಗನ್ನಡಿಯಲ್ಲಿ ಆಮೇಲೆ ಉಳಿಯುವುದು ಹಳದಿ ಬೆಳಕಿನ ಒಂದು ಮಬ್ಬು ಮಾತ್ರ. ಅದು ಕೆಎಸ್‌ಆರ್‌ಟಿಸಿ ಬಸ್ಸೋ, ಗ್ಯಾಸ್ ತುಂಬಿದ ಬುಲೆಟ್ ಟ್ಯಾಂಕರೋ, ಎಷ್ಟು ಹತ್ತಿರದಲ್ಲಿದೆ, ಓವರ್‌ಟೇಕ್ ಮಾಡಲು ಹೊರಟಿದೆಯೋ ಸುಮ್ಮನೆ ಹಿಂಬಾಲಿಸುತ್ತಿದೆಯೋ, ಒಂದೂ ತಿಳಿಯುವುದಿಲ್ಲ. ಡಿಫಾಗರ್ ಗುಂಡಿ ಒತ್ತಿದರೆ ಗಾಜಿನ ಮೇಲಿನ ಮಂಜು ಆರುತ್ತದೆಯೇ ಹೊರತು ಕೆಸರು ಹೋಗುವುದಿಲ್ಲ. ಹಸಿಯಾಗಿದ್ದ ಕೆಸರು ಒಣಗಿ ಗಟ್ಟಿಯಾಗುತ್ತದೆ, ಅಷ್ಟೇ.

ಹೀಗಾಗುವುದಕ್ಕೆ ಕಾರಣ ಗಾಳಿಯ ಓಟದಲ್ಲಿದೆ. ಸೆಡಾನ್ ಕಾರಿನ ಹಿಂದಿನ ಗಾಜು ಓರೆಯಾಗಿ ಇಳಿಯುವುದರಿಂದ ಚಾವಣಿಯ ಮೇಲಿಂದ ಬಂದ ಗಾಳಿ ಗಾಜಿಗೆ ಅಂಟಿಕೊಂಡೇ ಹರಿಯುತ್ತದೆ ಮತ್ತು ಹರಿಯುತ್ತಲೇ ನೀರಹನಿಗಳನ್ನು ತಳ್ಳಿಕೊಂಡು ಹೋಗುತ್ತದೆ. ಹ್ಯಾಚ್‌ಬ್ಯಾಕ್ ಮತ್ತು ಎಸ್‌ಯುವಿಗಳಲ್ಲಿ ಚಾವಣಿ ಥಟ್ಟನೆ ಮುಗಿದುಬಿಡುವುದರಿಂದ ಗಾಳಿ ಅಲ್ಲಿಯೇ ಕಾರಿನ ಮೈಬಿಟ್ಟು ಹಾರುತ್ತದೆ. ಅದರ ಹಿಂದೆ ಒತ್ತಡ ಕಡಿಮೆಯಾದ ಒಂದು ಸುಳಿ ಉಂಟಾಗಿ, ಚಕ್ರಗಳು ಎಬ್ಬಿಸಿದ ತುಂತುರನ್ನು ಆ ಸುಳಿ ಮೇಲಕ್ಕೆಳೆದು ತಂದು ಗಾಜಿಗೆ ಎರಚುತ್ತದೆ. ಒಂದು ತಲೆಮಾರಿನಿಂದ ಹ್ಯಾಚ್‌ಬ್ಯಾಕ್‌ಗಳಿಗೆ ಹಿಂದಿನ ವೈಪರ್ ಹಾಕುತ್ತ ಬಂದಿದ್ದು ಅಲಂಕಾರಕ್ಕಲ್ಲ. ಎಂಟು ಹತ್ತು ಲಕ್ಷದ ಪೆಟ್ರೋಲ್ ಕಾರಿನ ಟಾಪ್ ಮಾಡೆಲ್ಲಿನಲ್ಲಿ ಇಂದಿಗೂ ಅದು ಸಿಗುತ್ತದೆ.

ಹಾಗಿದ್ದರೆ ಎಲೆಕ್ಟ್ರಿಕ್ ಕಾರಿನಲ್ಲಿ ಅದನ್ನು ಏಕೆ ಬಿಡುತ್ತಾರೆ? ಗಾಳಿಯ ತಡೆ ಕಡಿಮೆಯಾದಷ್ಟೂ ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಹೆಚ್ಚುತ್ತದೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಮಾತು ತಪ್ಪಲ್ಲ, ಆದರೆ ಇಲ್ಲಿಗೆ ಹೊಂದುವುದಿಲ್ಲ. ನೆಟ್ಟಗಿನ ಹಿಂಬದಿಯ ಕಾರಿನಲ್ಲಿ ಗಾಳಿ ಚಾವಣಿಯ ಅಂಚಿನಲ್ಲೇ ಕಾರನ್ನು ಬಿಟ್ಟುಹೋಗಿರುವಾಗ, ಆ ಸುಳಿಯೊಳಗೆ ಮಲಗಿರುವ ಒಂದು ಗೇಣುದ್ದದ ವೈಪರ್ ಕಡ್ಡಿ ತಡೆಯುವುದಾದರೂ ಯಾವ ಗಾಳಿಯನ್ನು? ವೈಪರ್‌ನಿಂದ ಗಾಳಿಗೆ ನಿಜವಾಗಿ ಅಡ್ಡಿಯಾಗುವುದು ಓರೆ ಗಾಜಿನ ಕಾರುಗಳಲ್ಲಿ, ಅಲ್ಲಿ ಅದರ ಅಗತ್ಯವೇ ಕಡಿಮೆ. ಟೆಸ್ಲಾ ಮಾಡೆಲ್ ವೈ ಕಾರಿಗೂ ಹಿಂದಿನ ವೈಪರ್ ಇಲ್ಲ. ಗಾಜು ಸಾಕಷ್ಟು ಓರೆಯಾಗಿರುವುದರಿಂದ ಆ ಕಾರಿನ ಪರವಾಗಿ ಒಂದಿಷ್ಟು ವಾದ ಮಾಡಬಹುದು. ನೆಟ್ಟಗಿನ ಗಾಜಿನವರಿಗೆ ಆ ವಾದವೂ ದಕ್ಕುವುದಿಲ್ಲ. ಮೋಟರ್, ವೈರಿಂಗ್, ನೀರಿನ ಪೈಪು ಇಷ್ಟರ ಖರ್ಚನ್ನೂ ಉಳಿಸಿಕೊಂಡು, ಹಿಂಭಾಗ ನೀಟಾಗಿ ಕಾಣುವಂತೆಯೂ ಮಾಡಿಕೊಂಡದ್ದೇ ನಿಜವಾದ ಕಾರಣ ಎಂಬುದು ನನ್ನ ಅನುಮಾನ.

ಇದಕ್ಕೆ ಎಲ್ಲರಿಗೂ ತಿಳಿದಿರುವ ಉದಾಹರಣೆ ಹ್ಯುಂಡೈ ಅಯಾನಿಕ್ 5. 2021ರಲ್ಲಿ ಜಗತ್ತಿಗೆ ಪರಿಚಯವಾದ ಈ ಕಾರು 2023ರ ಜನವರಿಯಲ್ಲಿ 44.95 ಲಕ್ಷ ರೂಪಾಯಿಯ ಆರಂಭಿಕ ಬೆಲೆಗೆ ಭಾರತಕ್ಕೆ ಬಂದಾಗ ಹಿಂದಿನ ವೈಪರ್ ಇರಲಿಲ್ಲ. ಚಾವಣಿಯ ಅಂಚಿಗೆ ರೆಕ್ಕೆಯಂತೆ ಕೂರಿಸಿದ ಸ್ಪಾಯ್ಲರ್‌ನಲ್ಲಿ ಗಾಳಿ ನುಸುಳಲು ಸಂದುಗಳನ್ನು ಬಿಟ್ಟಿದ್ದರೂ ಮಳೆಗಾಲದಲ್ಲಿ ಗಾಜು ಕೊಳೆಯಾಗುತ್ತದೆ ಎಂಬ ದೂರು ಹಲವು ದೇಶಗಳ ಚಾಲಕರಿಂದ ಬಂದಿತು. 2024ರ ಮಾರ್ಚಿನಲ್ಲಿ ಕೊರಿಯಾದಲ್ಲಿ ಪರಿಷ್ಕೃತ ಮಾದರಿಯನ್ನು ತಂದಾಗ ಕಂಪನಿ ಸ್ಪಾಯ್ಲರನ್ನು 50 ಮಿಲಿಮೀಟರ್ ಉದ್ದ ಮಾಡಿ, ಬ್ಯಾಟರಿಯನ್ನು 84 ಕಿಲೋವ್ಯಾಟ್ ಅವರ್‌ಗೆ ಏರಿಸಿ, ಹಿಂದಿನ ವೈಪರನ್ನೂ ಕೂಡಿಸಿತು. ಜನರ ಮಾತಿಗೆ ಕಿವಿಗೊಟ್ಟಿದ್ದಕ್ಕೆ ಮೆಚ್ಚಬೇಕು. ವೈಪರ್ ಬಂದದ್ದರಿಂದ ಆ ಕಾರಿನ ರೇಂಜೇನೂ ಮುಳುಗಿಹೋಗಲಿಲ್ಲ ಎಂಬುದನ್ನೂ ಗಮನಿಸಬೇಕು.

ಹಿಂದೆ ಕಾಣದಿರುವುದು ಪೆಟ್ರೋಲ್ ಕಾರಿಗಿಂತ ಎಲೆಕ್ಟ್ರಿಕ್ ಕಾರಿನಲ್ಲಿ ಹೆಚ್ಚು ಅಪಾಯಕಾರಿ ಎಂದು ನನಗೆ ಅನ್ನಿಸುವುದಕ್ಕೆ ಇನ್ನೊಂದು ಕಾರಣವಿದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಮೋಟರ್ ಜನರೇಟರ್ ಆಗಿ ತಿರುಗಿ ಕಾರು ತನ್ನಷ್ಟಕ್ಕೆ ನಿಧಾನವಾಗುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಮುಟ್ಟದೆಯೇ ತಿರುವು ದಾಟುವ ಈ ಸುಖವನ್ನು ಒಮ್ಮೆ ಕಂಡವರು ಬಿಡಲಾರರು. ಆದರೆ ಬ್ರೇಕ್ ಲೈಟ್ ಯಾವಾಗ ಹೊತ್ತಬೇಕು ಎಂಬುದಕ್ಕೂ ಲೆಕ್ಕವಿದೆ. ಯುರೋಪಿನಲ್ಲಿ ಪಾಲಿಸುವ ವಿಶ್ವಸಂಸ್ಥೆಯ 13-ಎಚ್ ನಿಯಮದಂತೆ, ಕಾಲು ತೆಗೆದಾಗ ಕಾರಿನ ವೇಗ ಪ್ರತಿ ಸೆಕೆಂಡಿಗೆ ಗಂಟೆಗೆ ಸುಮಾರು 4.7 ಕಿಲೋಮೀಟರ್‌ಗಿಂತ ಹೆಚ್ಚಾಗಿ ಇಳಿದರೆ ಮಾತ್ರ ದೀಪ ಹೊತ್ತುವುದು ಕಡ್ಡಾಯ. ತೀರಾ ಮೆಲ್ಲಗೆ ಇಳಿದರೆ ಹೊತ್ತಲೇಬಾರದು. ಎಂದರೆ, ನಾವು ನಿಧಾನವಾಗುತ್ತಿದ್ದೇವೆ ಎಂಬುದು ಹಿಂದಿನ ಟ್ಯಾಂಕರಿನವನಿಗೆ ದೀಪದಿಂದ ತಿಳಿಯದೇ ಹೋಗುವ ಸಂದರ್ಭಗಳು ಇವೆ. ಅಂಥ ಹೊತ್ತಿನಲ್ಲಿ ಅವನು ಎಷ್ಟು ಹತ್ತಿರ ಬಂದಿದ್ದಾನೆ ಎಂದು ನಮಗಾದರೂ ಕಾಣಬೇಕು. ಲಾರಿ, ವ್ಯಾನುಗಳವರು ಸೈಡ್ ಮಿರರ್‌ನಲ್ಲೇ ಸಂಭಾಳಿಸುವುದಿಲ್ಲವೇ ಎಂದು ಸ್ನೇಹಿತರು ವಾದಿಸುತ್ತಾರೆ. ಲಾರಿಯವರ ಕನ್ನಡಿಗಳ ಗಾತ್ರವೇ ಬೇರೆ, ಕೂರುವ ಎತ್ತರವೇ ಬೇರೆ. ಮೇಲಾಗಿ ಕಾರಿನ ಬೆನ್ನಿಗೆ ನೇರವಾಗಿ ಅಂಟಿಕೊಂಡು ಬರುವ ಬೈಕು ಸೈಡ್ ಮಿರರ್‌ನಲ್ಲಿ ಕಾಣುವುದಿಲ್ಲ.

ನಮ್ಮ ಕಾನೂನಿನ ವಿಚಿತ್ರವನ್ನೂ ನೋಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಕಾರಿನ ಮುಂದಿನ ಗಾಜಿನ ಹಾಗೆಯೇ ಹಿಂದಿನ ಗಾಜೂ ಕನಿಷ್ಠ ಶೇ. 70ರಷ್ಟು ಬೆಳಕನ್ನು ಒಳಗೆ ಬಿಡಬೇಕು. ಕಪ್ಪು ಫಿಲ್ಮ್ ಅಂಟಿಸಬಾರದೆಂದು 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ ಪೊಲೀಸರು ರಸ್ತೆಬದಿಯಲ್ಲಿ ನಿಂತು ಫಿಲ್ಮ್ ಕೀಳಿಸಿದ್ದು ಎಲ್ಲರಿಗೂ ನೆನಪಿರಬಹುದು. ಅದೇ ನಿಯಮಗಳು ವೈಪರ್ ಕಡ್ಡಾಯ ಮಾಡಿರುವುದು ಮುಂದಿನ ಗಾಜಿಗೆ ಮಾತ್ರ. ಹೊಸ ಗಾಜಿನ ಪಾರದರ್ಶಕತೆಗೆ ಅಳತೆ ಇದೆ, ಅದನ್ನು ಮಳೆಯಲ್ಲಿ ಉಳಿಸಿಕೊಳ್ಳುವ ಸಾಧನದ ಬಗ್ಗೆ ಒಂದು ಅಕ್ಷರವೂ ಇಲ್ಲ.

ಪೋಲ್‌ಸ್ಟಾರ್ 4 ಎಂಬ ಕಾರಿನಲ್ಲಿ ಹಿಂದಿನ ಗಾಜನ್ನೇ ತೆಗೆದುಹಾಕಿ, ಚಾವಣಿಯ ಮೇಲೊಂದು ಕ್ಯಾಮೆರಾ ಇಟ್ಟು ಒಳಗನ್ನಡಿಯ ಜಾಗದಲ್ಲಿ ಪರದೆ ಕೊಟ್ಟಿದ್ದಾರೆ. ನನಗದು ಇಷ್ಟವಾಗದಿದ್ದರೂ ಅದರಲ್ಲೊಂದು ಪ್ರಾಮಾಣಿಕತೆ ಇದೆ. ಗಾಜು ಕೊಟ್ಟು, ಕನ್ನಡಿ ಕೊಟ್ಟು, ಅದನ್ನು ಒರೆಸುವ ದಾರಿ ಕೊಡದಿರುವುದು ಹೆಚ್ಚು ಕಿರಿಕಿರಿ.

ಆಮೇಲೆ ನಾವೇ ಹಾಕಿಸಿಕೊಳ್ಳೋಣ ಎಂದರೆ ಅದೂ ಸುಲಭವಲ್ಲ. ಹಿಂದಿನ ಗಾಜು ಸಾಮಾನ್ಯವಾಗಿ ಟಫನ್ಡ್ ಗಾಜು. ಕಾಯಿಸಿ ಗಟ್ಟಿ ಮಾಡಿದ ಮೇಲೆ ಅದಕ್ಕೆ ಡ್ರಿಲ್ ಹಾಕಿದರೆ ಪುಡಿಪುಡಿಯಾಗುತ್ತದೆ, ಆದ್ದರಿಂದ ತೂತನ್ನು ಕಾರ್ಖಾನೆಯಲ್ಲಿ ಮೊದಲೇ ಮಾಡಿರಬೇಕು. ಡಿಕ್ಕಿಯ ತಗಡಿಗೆ ಕೂರಿಸಿ ವೈರ್ ಎಳೆಯಲು ಹೋದರೆ ವಾರಂಟಿಯ ತಲೆನೋವು. ನೀರು ನಿಲ್ಲದಂತೆ ಮಾಡುವ ಕೋಟಿಂಗ್ ಬರೀ ಮಳೆಹನಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಘಾಟಿಯ ಕೆಂಪು ಕೆಸರಿಗೆ ಸೋಲುತ್ತದೆ. ಸದ್ಯಕ್ಕೆ ನನ್ನ ಉಪಾಯವೆಂದರೆ ಚಾರ್ಜಿಂಗ್‌ಗೆ ನಿಂತಲ್ಲೆಲ್ಲ ಚಾರ್ಜರಿನ ಗನ್ ಕಾರಿಗೆ ಸಿಕ್ಕಿಸಿ, ಬಾಟಲಿ ನೀರು ಸುರಿದು, ಹಳೆಯ ಬಟ್ಟೆಯಿಂದ ಗಾಜು ಒರೆಸುವುದು.

ಹೊಸ ಕಾರು ನೋಡುತ್ತಿರುವವರು ಸಾಧ್ಯವಾದರೆ ಟೆಸ್ಟ್ ಡ್ರೈವನ್ನು ಮಳೆಯ ದಿನವೇ ಇಟ್ಟುಕೊಂಡು, ಒದ್ದೆ ಹೆದ್ದಾರಿಯಲ್ಲಿ ಸ್ವಲ್ಪ ದೂರ ಲಾರಿಯೊಂದರ ಹಿಂದೆ ಓಡಿಸಿ ಒಳಗನ್ನಡಿಯನ್ನು ನೋಡಿಕೊಳ್ಳಿ. ಸೇಲ್ಸ್‌ನವರು “ರಿವರ್ಸ್ ಕ್ಯಾಮೆರಾ ಇದೆಯಲ್ಲ ಸರ್” ಎಂದರೆ, ಕಾರು ಮುಂದೆ ಓಡುತ್ತಿರುವಾಗಲೂ ಅದು ಹಿಂದಿನ ಚಿತ್ರ ತೋರಿಸುತ್ತದೆಯೇ, ಅದರ ಲೆನ್ಸಿಗೆ ಮೆತ್ತಿದ ಕೆಸರನ್ನು ತೊಳೆಯುವುದು ಯಾರು ಎಂದು ಕೇಳಿ.